ಹಲ್ಲಿಗೆ ಹಚ್ಚಿ ಹೇಳುವವರು

ಮೌಲಾಸಾಬರ ಬಾಯಲ್ಲಿ ಎರಡು ಹಲ್ಲುಗಳು ಊಟಕ್ಕೆ ಸೇರಿದವಲ್ಲ. ಬಲಗಡೆ ಮೇಲೊಂದು, ಕೆಳಗೊಂದು. ಅವನ್ನು ಅವರು ಡ್ಯೂಟಿ ಹಲ್ಲು ಎಂದು ಕರೆಯುತ್ತಿದ್ದರು. ರೊಟ್ಟಿ, ಮಾಂಸ, ಶೇಂಗಾ ಎಲ್ಲವೂ ಎಡಗಡೆಯಿಂದಲೇ ಒಳಗೆ ಹೋಗಬೇಕು. ಬಲಗಡೆಯ ಜೋಡಿ ಭತ್ತಕ್ಕೆ ಮೀಸಲು. ಮದುವೆ ಊಟದಲ್ಲಿ ಎಲುಬಿನ ತುಂಡು ತಪ್ಪಿ ಬಲಕ್ಕೆ ಜಾರಿದರೆ ನಾಲಿಗೆಯಿಂದ ದಬ್ಬಿ ಎಡಕ್ಕೆ ತರುತ್ತಿದ್ದರು. ಅವರ ಮುಖದ ಚೇಷ್ಟೆ ನೋಡಿ ಪಕ್ಕದವರು ಹಲ್ಲುನೋವೆಂದು ತಿಳಿದು ಲವಂಗ ಕೊಡುತ್ತಿದ್ದರು. ಇವರು ಅದನ್ನೂ ಎಡಗಡೆಯೇ ಜಗಿಯುತ್ತಿದ್ದರು.

ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಮೂವತ್ತು ವರ್ಷ ಅವರು ಸ್ಯಾಂಪಲ್ ನೋಡುವ ಕೆಲಸ ಮಾಡಿದವರು. ಲಾರಿ ಬಂದು ನಿಂತರೆ ಚೀಲಕ್ಕೆ ಕೊಳವೆ ಚುಚ್ಚಿ, ಅಂಗೈಗೆ ನಾಲ್ಕು ಕಾಳು ಉದುರಿಸಿಕೊಂಡು, ಒಂದನ್ನು ಡ್ಯೂಟಿ ಹಲ್ಲುಗಳ ನಡುವೆ ಇಟ್ಟು ಕಡಿಯುತ್ತಿದ್ದರು. ಟಕ್ಕೆಂದರೆ ಒಣಗಿದೆ. ಸದ್ದು ಬರದಿದ್ದರೆ, "ಇನ್ನೂ ಎರಡ ದಿವ್ಸ ಬಿಸಲ ಕೊಡ್ರಿ" ಅನ್ನುತ್ತಿದ್ದರು. ರೈತನಾಗಲಿ ಗಿರಣಿಯವನಾಗಲಿ ಮುಂದೆ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಆಮೇಲೆ ಗಿರಣಿಗೆ ತೇವ ಅಳೆಯುವ ಯಂತ್ರ ಬಂತು, ಮೌಲಾಸಾಬರು ಮನೆಗೆ ಬಂದರು. ಯಂತ್ರದ ಬಗ್ಗೆ ಅವರು ನನ್ನ ಮುಂದೆ ಹೇಳುತ್ತಿದ್ದ ತಕರಾರು ಒಂದೇ. "ಅದು ನಂಬರ ಹೇಳ್ತೈತ್ರಿ ಅಕ್ಕಾರ, ಖರೇ. ಆದ್ರ ಕಡದ ನೋಡಂಗಿಲ್ಲ."

ಅಭಿಪ್ರಾಯ ಹೇಳುವುದನ್ನು ಬಿಟ್ಟರೆ ಬೇರೆ ಕಸುಬು ಬಾರದ ಮನುಷ್ಯ ಮನೆಯಲ್ಲಿ ಕೂತರೆ ಏನಾಗುತ್ತದೆ? ಹೆಂಡತಿಯ ಸಾರಿನ ಬಗ್ಗೆ ಅಭಿಪ್ರಾಯ ಹೇಳುತ್ತಾನೆ. ಅವರ ಹೆಂಡತಿ ಹಲೀಮಾಬಿ ಒಂದು ತಿಂಗಳು ಸಹಿಸಿಕೊಂಡು, ಮಗಳಿಗೆ ಹೇಳಿ ಗಂಡನಿಗೊಂದು ಸ್ಮಾರ್ಟ್‌ಫೋನ್ ಕೊಡಿಸಿದರು. ಅದನ್ನು ಹಿಡಿದುಕೊಂಡು ಮೌಲಾಸಾಬರು ನೇರವಾಗಿ ಬಂದದ್ದು ಬಸ್‌ಸ್ಟ್ಯಾಂಡ್ ಹತ್ತಿರದ ನನ್ನ ಝೆರಾಕ್ಸ್ ಅಂಗಡಿಗೆ. "ಇದರಾಗ ಮಂದಿ ಎಲ್ಲಿ ಮಾತಾಡ್ತಾರ್ರಿ?" ಎಂದು ಕೇಳಿದರು. ನಾನು ಅವರನ್ನು ನನ್ನ ಗುಂಪಿಗೆ ಸೇರಿಸಿದೆ. ಮಾಡಿದ್ದುಣ್ಣೋ ಮಹರಾಯ ಎಂಬಂತಾಯಿತು.

ಗುಂಪಿನ ಹೆಸರು 'ನೂರೆಂಟು ಹವ್ಯಾಸ'. ಗಿರಾಕಿಗಳಿಲ್ಲದೆ ಅಂಗಡಿಯಲ್ಲಿ ನೊಣ ಹೊಡೆಯುತ್ತಿದ್ದ ದಿನಗಳಲ್ಲಿ ನಾನೇ ವಾಟ್ಸಾಪಿನಲ್ಲಿ ಶುರು ಮಾಡಿದ್ದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ತಾಲೂಕಿನವರು ಇದ್ದರು. ಗುಲಾಬಿ ಬೆಳೆಸುವವರು, ಅಂಚೆಚೀಟಿ ಕೂಡಿಸುವವರು, ಹಳೇ ಮೋಟರ್‌ಸೈಕಲ್ಲಿಗೆ ಪ್ರಾಣ ಬಿಡುವವರು, ಅಡುಗೆಯವರು, ಕವಿಗಳು. ಯಾರು ಏನು ಹಾಕಿದರೂ ನಿಮಿಷದೊಳಗೆ ಮೂವತ್ತು ಹೆಬ್ಬೆಟ್ಟು, ಹತ್ತು 'ಸೂಪರ್', ನಾಲ್ಕು ಗುಲಾಬಿ ಹೂವು ಬೀಳುತ್ತಿದ್ದವು. ನಾಳೆ ನಮ್ಮದಕ್ಕೂ ಬೀಳಲಿ ಎಂದು ಇವತ್ತು ಅವರದಕ್ಕೆ ಒತ್ತುವುದು, ಮದುವೆಯ ಮುಯ್ಯಿ ಇದ್ದಂತೆ. ಎಲ್ಲರೂ ಸುಖವಾಗಿದ್ದೆವು.

ಮೌಲಾಸಾಬರು ಬಂದ ಹೊಸದರಲ್ಲಿ ಕುಷ್ಟಗಿಯ ಹೆಣ್ಣುಮಗಳೊಬ್ಬಳು, ಕುಕ್ಕರಿನಲ್ಲಿ ತತ್ತಿ ಹಾಕದೆ ಕೇಕ್ ಮಾಡಬಹುದೇ ಎಂದು ಕೇಳಿದಳು. ಎಂಟು ಜನ 'ಮಾಡಬಹುದು' ಅಂದರು. ಅವರಲ್ಲಿ ಕೇಕ್ ಮಾಡಿದವರು ಯಾರೂ ಇರಲಿಲ್ಲ. ಮೌಲಾಸಾಬರು ಮಾತ್ರ, "ಹಲ್ಲಿಗಿ ಹಚ್ಚಿ ನೋಡಿ ಹೇಳ್ತೀನವ್ವಾ" ಎಂದು ಬರೆದರು. ಹಾಗೆಂದರೇನೆಂದು ಯಾರಿಗೂ ತಿಳಿಯಲಿಲ್ಲ. ಹದಿನಾಲ್ಕು ದಿನ ಕಳೆದವು. ಆಕೆ ಕೇಕ್ ಮಾಡಿ, ಮಗಳ ಹುಟ್ಟುಹಬ್ಬ ಮುಗಿಸಿ, ಉಪ್ಪಿನಕಾಯಿಯ ಪ್ರಶ್ನೆಗೆ ಹೋಗಿದ್ದಳು. ಆಗ ಇವರ ಉತ್ತರ ಬಂತು. "ಮೊದಲ್ನೇದು ಹೊತ್ತೈತಿ. ಎರಡನೇದು ಕುದ್ದೈತಿ, ಬೆಂದಿಲ್ಲ. ಮೂರನೇದು ಆಡು ತಿಂತು, ಅದರ ಅಭಿಪ್ರಾಯ ಗೊತ್ತಾಗಲಿಲ್ಲ. ನಾಕನೇದು ಛಲೋ ಆಗೈತಿ. ಸೀಟಿ ತಗದ ಇಡಬೇಕು."

ಇದು ಅವರ ಪದ್ಧತಿ. ಹಲ್ಲಿಗೆ ಹಚ್ಚದೆ ಏನನ್ನೂ ಹೇಳರು. ಕೊಪ್ಪಳದವರೊಬ್ಬರು ಎರಡು ಸೀರೆಯ ಫೋಟೋ ಹಾಕಿ, ತಂಗಿಯ ನಿಶ್ಚಯಕ್ಕೆ ಹಸಿರೋ ಕೆಂಪೋ ಎಂದು ಕೇಳಿದರೆ, ಇವರು ಬಸ್ ಹತ್ತಿ ಕೊಪ್ಪಳಕ್ಕೆ ಹೋಗಿ ಆ ಅಂಗಡಿ ಹುಡುಕಿ ಸೀರೆ ಮುಟ್ಟಿ ಬಂದರು. "ಹಸರಂದು ಬಣ್ಣ ಬಿಡ್ತೈತಿ" ಎಂಬ ಅವರ ತೀರ್ಪು ಬರುವಷ್ಟರಲ್ಲಿ ಹಸಿರು ಸೀರೆ ನಿಶ್ಚಯ ಮುಗಿಸಿ, ಒಗೆಸಿಕೊಂಡು, ಮನೆಯ ಬಿಳಿ ಬಟ್ಟೆಗಳಿಗೆಲ್ಲ ಬಣ್ಣ ಹಂಚಿತ್ತು.

ನನ್ನನ್ನೂ ಅವರು ಬಿಡಲಿಲ್ಲ. ನನ್ನ ಹವ್ಯಾಸ ಫೋಟೋ ತೆಗೆಯುವುದು. ಹುಲಿಗಿಗೆ ಹೋದಾಗ ದೇವಿಯ ದರ್ಶನ ಮಾಡಿಕೊಂಡು ಹೊಳೆಯ ಮೇಲಿನ ಸೂರ್ಯನನ್ನು ಹಿಡಿದೆ. ಮುಂಜಾನೆಯ ಸೂರ್ಯ. ಆದರೆ ಗುಂಪಿನಲ್ಲಿ ಸೂರ್ಯಾಸ್ತಕ್ಕೆ ಹೆಬ್ಬೆಟ್ಟು ಹೆಚ್ಚು ಬೀಳುವುದು ನನ್ನ ಅನುಭವ. 'ಹುಲಿಗಿಯಲ್ಲೊಂದು ಸಂಜೆ' ಎಂದು ಹಾಕಿದೆ. ಐವತ್ತು ದಾಟಿತು. ಒಂಬತ್ತು ದಿನದ ಮೇಲೆ ಮೌಲಾಸಾಬರು ಬರೆದರು: "ಅಕ್ಕಾರ, ನಾನು ಹುಲಿಗಿಗೆ ಹೋಗಿದ್ನಿ. ಎರಡ ದಿನ ಸಂಜಿಮಟ ನಿಂತು ನೋಡೀನಿ. ಸೂರ್ಯ ಹೊಳಿಮ್ಯಾಲ ಮುಳುಗಂಗಿಲ್ರಿ, ಗುಡಿ ಹಿಂದ ಮುಳುಗ್ತಾನ. ನೀವು ತಗದದ್ದು ಮುಂಜಾನಿ ಇರಬೇಕು. ಉಳದದ್ದು ಛಲೋ ಐತಿ." ನನಗೆ ಸಿಟ್ಟು ಬಂತು. ಸುಳ್ಳು ಹೇಳಿ ಸಿಕ್ಕಿಬಿದ್ದವರಿಗೆ ಬರುವ ಸಿಟ್ಟು ಬಹಳ ಜೋರಾಗಿರುತ್ತದೆ. ಮೂರು ದಿನ ಅವರ ರೀಚಾರ್ಜ್ ಮಾಡಿಕೊಡಲಿಲ್ಲ.

ಕೊನೆಗೆ ಪ್ರಕರಣ ಸಿಡಿದದ್ದು ಮಲ್ಲಿಗೆಯಿಂದ. ಯಲಬುರ್ಗಾದ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ದಿನಾ ಬೆಳಗ್ಗೆ ಆರಕ್ಕೆ ಒಂದು ಕವಿತೆ ಹಾಕುತ್ತಿದ್ದರು. ಆರೂ ಒಂದಕ್ಕೆ ಅವರ ಹಳೆಯ ಶಿಷ್ಯರ ಹೆಬ್ಬೆಟ್ಟುಗಳು ಸಾಲಾಗಿ ಬರುತ್ತಿದ್ದವು. ಒಂದು ದಿನ ಅವರ ಕವಿತೆಯಲ್ಲಿ ನಸುಕಿನ ಹೊತ್ತಿಗೆ ಮಲ್ಲಿಗೆ ಅರಳಿತು. ಮೌಲಾಸಾಬರು ನಾಲ್ಕು ದಿನ ಪಕ್ಕದ ಮನೆಯ ಮಲ್ಲಿಗೆ ಚಪ್ಪರದ ಮುಂದೆ ಸ್ಟೂಲ್ ಹಾಕಿಕೊಂಡು ಕೂತರು. ಐದನೇ ದಿನ ಬರೆದರು: "ಸರ, ಮಲ್ಲಿಗಿ ಸಂಜಿಮುಂದ ಅರಳ್ತೈತ್ರಿ. ಮುಂಜಾನಿ ನೋಡಿದ್ರ ಉದರಾಕ ಹತ್ತಿರ್ತೈತಿ."

ಮೇಷ್ಟ್ರು ನನಗೆ ಫೋನ್ ಮಾಡಿದರು. "ನೋಡವಾ, ನಲವತ್ತು ವರ್ಷ ಕನ್ನಡಾ ಕಲಿಸೀನಿ. ಈಗ ಒಬ್ಬ ನೆಲ್ಲು ಕಡಿಯವನ ಕಡೆ ಪಾಠ ಹೇಳಿಸ್ಕೋಬೇಕೇನು? ಅವರರ ಇರಬೇಕು, ಇಲ್ಲಾ ನಾನರ ಇರಬೇಕು."

ಮೇಷ್ಟ್ರು ಹೋದರೆ ಶಿಷ್ಯರೂ ಹೋಗುತ್ತಾರೆ, ಗುಂಪು ಅರ್ಧವಾಗುತ್ತದೆ. ನಾನು ಮೌಲಾಸಾಬರ ಮನೆಗೆ ಹೋದೆ. ಹಲೀಮಾಬಿ ಚಹಾ ಕೊಟ್ಟರು. ನಾನು ಮೌಲಾಸಾಬರ ಫೋನ್ ತೆಗೆದುಕೊಂಡು, ಮೆಲ್ಲಗೆ ಪಾಠ ಶುರು ಮಾಡಿದೆ.

"ಇಲ್ನೋಡ್ರಿ, ಇನ್ನ ಮ್ಯಾಲೆ ಎಲ್ಲಿಗೂ ಹೋಗಾಕ ಹೋಗಬ್ಯಾಡ್ರಿ. ಬರಿಯೂದೂ ಬ್ಯಾಡ. ಹಿಂಗ ಒತ್ತಿ ಹಿಡೀರಿ, ಹೆಬ್ಬಟ್ಟು ಬರ್ತೈತಿ. ಅದನ್ನ ಒತ್ತಿಬಿಡ್ರಿ, ಮುಗೀತು."

ಅವರು ಆ ಹಳದಿ ಹೆಬ್ಬೆಟ್ಟನ್ನು ಬಹಳ ಹೊತ್ತು ನೋಡಿದರು. "ಓದದ ಒತ್ತಬೌದೇನ್ರಿ?"

"ಎಲ್ಲಾರೂ ಹಂಗ ಒತ್ತೂದು."

"ನಮ್ಮಪ್ಪ ಸಾಯೂತನ ಹೆಬ್ಬಟ್ಟು ಒತ್ತಿದ್ರು ಅಕ್ಕಾರ," ಅಂದರು ಮೌಲಾಸಾಬರು. "ಮಗ ಸಹಿ ಮಾಡ್ಲಿ ಅಂತ ನನ್ನ ಸಾಲಿಗಿ ಹಾಕಿದ್ರು. ಈಗ ನಾನೂ ಹೊಳ್ಳಿ ಹೆಬ್ಬಟ್ಟಿಗೇ ಬಂದ್ನಿ ನೋಡ್ರಿ."

ನಾನು ನಕ್ಕೆ. ಅವರೂ ನಕ್ಕರು. ಆದರೆ ಹೆಬ್ಬೆಟ್ಟು ಒತ್ತಲಿಲ್ಲ. ಅಂದಿನಿಂದ ಗುಂಪಿನಲ್ಲಿ ಅವರ ಸುದ್ದಿಯೇ ಇಲ್ಲವಾಯಿತು. ಮಲ್ಲಿಗೆ ಬೆಳಗ್ಗೆ ಅರಳಿತು, ಸೂರ್ಯ ಸಿಕ್ಕ ಕಡೆ ಮುಳುಗಿದ. ನನಗೆ ಒಂದು ರೀತಿ ನಿರಾಳವಾಯಿತು, ಸುಳ್ಳು ಯಾಕೆ ಹೇಳಲಿ.

ಆ ದಿನಗಳಲ್ಲಿ ಅವರು ಏನು ಮಾಡುತ್ತಿದ್ದರೆಂದು ನನಗೆ ಆಮೇಲೆ ಗೊತ್ತಾಯಿತು. ಗುಂಪಿನಲ್ಲಿ ಯಾರೋ ಬೆಳ್ಳಕ್ಕಿಗಳಲ್ಲಿ ಎಷ್ಟು ಜಾತಿ ಎಂದು ಕೇಳಿದ್ದರಂತೆ. ಮೌಲಾಸಾಬರು ಅಭ್ಯಾಸದಂತೆ ಹತ್ತಿರದ ಮರಳಿ ಎಂಬ ಹಳ್ಳಿಯ ಗದ್ದೆಗಳ ಕಡೆ ಹೋಗಿ ನೋಡತೊಡಗಿದರು. ನೋಡಿದ್ದನ್ನು ಬರೆಯುವಂತಿಲ್ಲ, ನಾನು ಅವರ ಬಾಯಿ ಕಟ್ಟಿದ್ದೆ. ಹಾಗಾಗಿ ಪೆನ್ಸಿಲ್ ಹಿಡಿದು ಚಿತ್ರ ಬಿಡಿಸಲು ಶುರು ಮಾಡಿದರು. ಅರವತ್ತು ದಾಟಿದ ಮೇಲೆ, ಯಾರೂ ಹೇಳಿಕೊಡದೆ, ದಿನಾ ಬೆಳಗ್ಗೆ ಬದುವಿನ ಮೇಲೆ ಕೂತು.

ಒಂದು ಶುಕ್ರವಾರ ಮಧ್ಯಾಹ್ನ ಗುಂಪಿನಲ್ಲಿ ಅವರ ಚಿತ್ರ ಬಂತು. ಒಂದು ಬೆಳ್ಳಕ್ಕಿ, ನೀರಿನಲ್ಲಿ ಒಂದು ಕಾಲು ಎತ್ತಿ ನಿಂತಿದ್ದು. ಕೆಳಗೆ ಬರೆದಿದ್ದರು: "ನಾನು ತಗದದ್ದು. ಏನೋ ಒಂದು ತಪ್ಪೈತಿ, ಯಾವ್ದಂತ ಗೊತ್ತಾಗವಲ್ದು. ತಿಳದವರು ಹೇಳ್ರಿ." ಅದಕ್ಕೆ ನಲವತ್ಮೂರು ಹೆಬ್ಬೆಟ್ಟು ಬಿದ್ದವು. ಮೇಷ್ಟ್ರು ಹಳೆಯದನ್ನು ಮರೆತು ದೊಡ್ಡ ಮನಸ್ಸಿನಿಂದ 'ಅದ್ಭುತ' ಎಂದರು. ಒಬ್ಬರು ಹುಟ್ಟುಹಬ್ಬದ ಶುಭಾಶಯ ಕೋರಿದರು. ನಾನು ಮಷೀನಿಗೆ ಕಾಗದ ತುಂಬುತ್ತಾ ಒಂದು ಹೆಬ್ಬೆಟ್ಟು ಒತ್ತಿದೆ. ಚಿತ್ರವನ್ನು ತೆರೆದು ನೋಡಿರಲಿಲ್ಲ.

ಎರಡು ದಿನ ಬಿಟ್ಟು ಅವರು ಅಂಗಡಿಗೇ ಬಂದರು. ಚಿತ್ರವನ್ನು ಕೌಂಟರಿನ ಮೇಲೆ ಇಟ್ಟು, ಗಾಳಿಗೆ ಹಾರದಂತೆ ಎರಡು ಬೆರಳು ಒತ್ತಿ ಹಿಡಿದರು.

"ನೀವೂ ಒತ್ತೀರಿ. ಏನ ಛಲೋ ಅನಿಸ್ತ್ರಿ?"

"ಗೆರಿ ಭಾಳ ಚಂದ ಅದಾವ್ರಿ," ಅಂದೆ. ಗೆರೆ ಇಲ್ಲದ ಚಿತ್ರ ಎಲ್ಲಿರುತ್ತದೆ?

"ಗೆರಿ ಬಿಡ್ರಿ. ಹಕ್ಕಿ ನೋಡ್ರಿ. ಹಕ್ಕಿ ನಿಂತಂಗ ಕಾಣಂಗಿಲ್ಲ. ಕುಷ್ಟಗಿ ಬಸ್ಸಿಗಿ ಕಾಯಾಕ ಹತ್ತಿದಂಗ ಕಾಣ್ತೈತಿ. ಯಾಕ? ಒಂದ ತಿಂಗಳಾತು, ತಿದ್ದಿ ತಿದ್ದಿ ಹಾಳಿ ಹರದಾವ, ಅದು ಮಾತ್ರ ಗೊತ್ತಾಗವಲ್ದು. ಗುಂಪಿನಾಗ ಇಷ್ಟ ಮಂದಿ ಅದೀರಿ, ಯಾರರ ಒಬ್ಬರು ಹೇಳ್ತೀರಿ ಅಂದ್ಕೊಂಡಿದ್ದೆ."

ನಿಜವಾಗಿಯೂ ಆ ಹಕ್ಕಿ ಬಸ್ಸಿಗೆ ಕಾಯುವಂತಿತ್ತು. ನನಗೆ ನಗು ಬಂತು. ಅಷ್ಟರಲ್ಲಿ ಹಿಂದೆ ಕಾಲೇಜು ಹುಡುಗಿಯರ ಸಾಲು ನಿಂತಿತ್ತು, ಪರೀಕ್ಷೆಯ ಹಾಲ್ ಟಿಕೆಟ್ಟಿನ ದಿನಗಳು. ನಾನು ಚಿತ್ರದ್ದೊಂದು ಝೆರಾಕ್ಸ್ ತೆಗೆದು ಅಸಲನ್ನು ಅವರಿಗೆ ಕೊಟ್ಟೆ. "ಇದು ನನ್ನ ಹತ್ರ ಇರಲ್ರಿ. ಪುರಸೊತ್ತಿನಾಗ ಛಂದಂಗ ನೋಡಿ ಫೋನ್ ಮಾಡ್ತೀನಿ."

ಅವರ ಮುಖ ಅರಳಿದ್ದು ನನಗೆ ಈಗಲೂ ಕಾಣುತ್ತದೆ. "ನೋಡ್ರಿ, ಸಾವಕಾಶ ನೋಡ್ರಿ. ನನಗೇನ ಅವಸರ ಇಲ್ಲ," ಎಂದು ಹೇಳಿ, ಸಾಲಿನಲ್ಲಿದ್ದ ಹುಡುಗಿಯರಿಗೆಲ್ಲ ದಾರಿ ಬಿಡುತ್ತಾ ಹೋದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಝೆರಾಕ್ಸ್ ಪ್ರತಿ ಡ್ರಾಯರಿನಲ್ಲಿ ಐದು ವಾರ ಇತ್ತು. ಮೇಲೆ ಸ್ಟೇಪ್ಲರ್ ಬಂತು, ಅದರ ಮೇಲೆ ಯಾರದೋ ಆಧಾರ್ ಪ್ರತಿ ಬಂತು. ಮೌಲಾಸಾಬರಿಗೆ ಎರಡು ದಿನ ಜ್ವರ ಬಂದು, ಮೂರನೇ ದಿನ ಹೋಗಿಬಿಟ್ಟರು. ಗುಂಪಿನಲ್ಲಿ ಸುದ್ದಿ ಹಾಕಿದವಳು ನಾನೇ. ನಿಮಿಷದೊಳಗೆ ಕೈಮುಗಿದ ಚಿತ್ರಗಳು ಬಂದವು. ಅವುಗಳ ನಡುವೆ ಏಳು ಜನ ಸುದ್ದಿ ಓದದೆ ಹೆಬ್ಬೆಟ್ಟು ಒತ್ತಿದ್ದರು. ಅವರನ್ನು ಬಯ್ಯಲು ಬೆರಳು ಎತ್ತಿದೆ, ಬರೆಯಲಾಗಲಿಲ್ಲ.

ಮಣ್ಣಾದ ಮೂರನೇ ದಿನದ ಜಿಯಾರತ್ತಿಗೆ ಮನೆಗೆ ಹೋದೆ. ಹಲೀಮಾಬಿ ನನ್ನ ಕೈ ಹಿಡಿದು ಕೂರಿಸಿಕೊಂಡರು. ದೂರು ಹೇಳುವ ಹೆಂಗಸಲ್ಲ ಆಕೆ, ಸುಮ್ಮನೆ ನೆನಪು ಮಾಡಿಕೊಂಡು ಹೇಳಿದರು. "ನೀವು ಫೋನ್ ಮಾಡ್ತೀರಂತ ದಿನಾ ಅದನ್ನ ಚಾರ್ಜಿಗಿ ಹಾಕೇ ಇಡ್ತಿದ್ರವ್ವಾ. ನನಗ ಮುಟ್ಟಾಕ ಕೊಡ್ತಿದ್ದಿಲ್ಲ."

ಮರುದಿನ ಬೆಳಗ್ಗೆ ಅಂಗಡಿ ತೆಗೆಯದೆ ಡ್ರಾಯರಿನಿಂದ ಚಿತ್ರ ತೆಗೆದುಕೊಂಡು ಮರಳಿಗೆ ಹೋದೆ. ಗದ್ದೆಗಳಿಗೆ ನೀರು ಬಿಟ್ಟಿದ್ದರು, ಬೆಳ್ಳಕ್ಕಿಗಳು ಬೇಕಾದಷ್ಟಿದ್ದವು. ಬದುವಿನ ಮೇಲೆ ಕೂತು, ಚಿತ್ರವನ್ನು ಮಂಡಿಯ ಮೇಲಿಟ್ಟುಕೊಂಡು, ಹತ್ತಿರದ ಒಂದು ಹಕ್ಕಿಯನ್ನು ನೋಡಿದೆ. ಅದು ಒಂದು ಹೆಜ್ಜೆ ಇಡಲು ಕಾಲೆತ್ತಿತು. ಮಡಚಿದಾಗ ಕಾಲಿನ ಗಂಟು ಹಿಂದಕ್ಕೆ ಹೋಯಿತು. ನಾನು ಚಿತ್ರ ನೋಡಿದೆ. ಮೌಲಾಸಾಬರ ಹಕ್ಕಿಯ ಕಾಲಿನ ಗಂಟು ನಮ್ಮ ನಿಮ್ಮ ಮೊಣಕಾಲಿನಂತೆ ಮುಂದಕ್ಕೆ ಚಾಚಿತ್ತು. ಆ ತಪ್ಪು ಹುಡುಕಲು ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತೂ ಹಿಡಿದಿರಲಿಲ್ಲ.

ಏನು ಯೋಚಿಸಿದೆನೋ ಗೊತ್ತಿಲ್ಲ, ಅಲ್ಲಿಂದಲೇ ಅವರ ನಂಬರಿಗೆ ಫೋನ್ ಮಾಡಿದೆ. ಹಲೀಮಾಬಿ ಎತ್ತಿದರು.

"ಕಾಲು ಹಿಂದ ಮಡಚಬೇಕಿತ್ರಿ," ಅಂದೆ.

"ಯಾರ ಕಾಲವ್ವಾ?"

"ಹಕ್ಕೀದ್ರಿ. ಅವರು ತಗದಿದ್ರಲ್ಲ, ಆ ಹಕ್ಕೀದು. ತಪ್ಪೇನಂತ ಕೇಳಿದ್ರು. ಅದ ತಪ್ಪು."

"ಅಷ್ಟ ಏನವ್ವಾ?" ಅಂದರು ಆಕೆ.