ಸೊಟ್ಟ ಹಲ್ಲಿಗಾಗಿ ಐದು ತಾಲ್ಲೂಕು

ನವೆಂಬರಿನ ಒಂದು ಬೆಳಿಗ್ಗೆ ಕೂಡ್ಲಿಗಿಯಲ್ಲಿ ನನ್ನ ಮೋಟಾರು ರಿಪೇರಿ ಅಂಗಡಿಯ ಕೀಲಿಯನ್ನು ಮಗನ ಕೈಗೆ ಕೊಟ್ಟು ಕೊಟ್ಟೂರಿನ ಬಸ್ಸು ಹತ್ತಿದೆ. ಸ್ವಂತ ಕೆಲಸಕ್ಕಾದರೆ ನಾನು ಅಂಗಡಿ ಬಿಟ್ಟು ಕದಲುವವನಲ್ಲ. ಆದರೆ ಕೊಟ್ಟೂರಿನಲ್ಲಿರುವ ನಮ್ಮಕ್ಕ ಹಿಂದಿನ ದಿನ ಫೋನ್ ಮಾಡಿ, ನಿಮ್ಮ ಮಾವನ ಹಲ್ಲು ಬಂದಿವೆಯಂತೆ, ಜೊತೆಗೆ ಹೋಗಿ ಹಾಕಿಸಿಕೊಂಡು ಬಾ ಎಂದು ಅಪ್ಪಣೆ ಮಾಡಿದ್ದಳು. ಅಕ್ಕನ ಮಾತಿಗೆ ಎದುರಾಡುವ ಧೈರ್ಯ ಅರವತ್ತು ದಾಟಿದರೂ ನನಗೆ ಬಂದಿಲ್ಲ.

ಬಸ್ಸಿನ ತುಂಬ ಹೆಂಗಸರು. ಅವರಿಗೆ ಟಿಕೆಟ್ಟಿಲ್ಲ, ನನಗೆ ಸೀಟಿಲ್ಲ. ದುಡ್ಡು ಕೊಟ್ಟವನು ಕಂಬಿ ಹಿಡಿದು ನಿಂತು, ಕೊಡದವರು ಕಿಟಕಿ ಪಕ್ಕ ಕೂತು ಹೋಗುವುದು ಈಗ ನಮ್ಮ ಕಡೆ ರೂಢಿಯಾಗಿದೆ. ಸರ್ಕಾರದ ಯೋಜನೆಗಳೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ ಎನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಮಾವನ ಹಲ್ಲೂ ಸರ್ಕಾರದ್ದೇ ಆದ್ದರಿಂದ ಅವು ಬಾಯಿಗೆ ಕೂರುತ್ತವೆಂಬ ನಂಬಿಕೆ ನನಗಿರಲಿಲ್ಲ.

ಅಕ್ಕನ ಗಂಡ ರುದ್ರಪ್ಪನವರನ್ನು ನಾನು ಮಾವ ಎನ್ನುತ್ತೇನೆ. ಸೈನ್ಯದ ಬ್ಯಾಂಡಿನಲ್ಲಿ ಬ್ಯೂಗಲ್ ಊದುತ್ತಿದ್ದವರು. ಹವಾಲ್ದಾರರಾಗಿ ನಿವೃತ್ತರಾಗಿ ಊರಿಗೆ ಬಂದ ಮೇಲೂ ದಿನಾ ಸಂಜೆ ಮಾಳಿಗೆ ಹತ್ತಿ ಒಂದು ಸಲ ಊದಿ ಇಳಿಯುತ್ತಿದ್ದರು. ಹತ್ತು ವರ್ಷದ ಕೆಳಗೆ ಮುಂದಿನ ಹಲ್ಲುಗಳು ಒಂದರ ಹಿಂದೊಂದು ಬಿದ್ದವು. ಬ್ಯೂಗಲ್ ಗೂಟಕ್ಕೆ ಹೋಯಿತು. ಆಗಾಗ ಇಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕಿ ಮತ್ತೆ ಗೂಟಕ್ಕೇ ಹಾಕುವರು. ನಗುವುದನ್ನೂ ಹೆಚ್ಚುಕಡಿಮೆ ಬಿಟ್ಟಿದ್ದರು.

ಈಗ ಹಲ್ಲಿನ ಅವಸರ ಬಿದ್ದದ್ದಕ್ಕೆ ಕಾರಣವಿತ್ತು. ಹರಪನಹಳ್ಳಿಯ ಕಾಲೇಜೊಂದರಲ್ಲಿ ಸೈನಿಕ ತರಬೇತಿ ಪಡೆಯುವ ಕೆಡೆಟ್ ಮಕ್ಕಳಿಗೆ ಸರ್ಕಾರ ಹೊಸ ಬ್ಯಾಂಡ್ ಸೆಟ್ ಕೊಟ್ಟಿತ್ತು. ಡ್ರಮ್ಮು, ಬ್ಯೂಗಲ್ಲು, ಕೊಳಲು ಎಲ್ಲ ಪೆಟ್ಟಿಗೆಯಲ್ಲಿ ಬಂದವು, ಕಲಿಸುವವರು ಮಾತ್ರ ಬರಲಿಲ್ಲ. ನಿವೃತ್ತ ಬ್ಯಾಂಡಿನವರೊಬ್ಬರನ್ನು ಗೌರವಧನದ ಮೇಲೆ ಇಟ್ಟುಕೊಳ್ಳಬಹುದೆಂದು ಆದೇಶವಾಗಿ, ಮಾಜಿ ಸೈನಿಕರ ಕಚೇರಿಯವರು ಮಾವನ ಹೆಸರು ಸೂಚಿಸಿದ್ದರು. ನಾನು ಬಸ್ಸು ಹತ್ತಿದ ಮರುದಿನ ಸಂಜೆ ಅಲ್ಲಿಯ ಕೆಡೆಟ್ ಶಿಬಿರದಲ್ಲಿ ಧ್ವಜ ಇಳಿಸುವಾಗ, ಶಿಬಿರ ನಡೆಸುವ ಕರ್ನಲ್ ಸಾಹೇಬರ ಎದುರು ಮಾವ ಬ್ಯೂಗಲ್ ಊದಬೇಕು. ಊದಿದರೆ ಮೇಷ್ಟ್ರು. ಆಗದಿದ್ದರೆ ಆ ಜಾಗ ಬೇರೆಯವರಿಗೆ, ಬ್ಯೂಗಲ್ ಮತ್ತೆ ಗೂಟಕ್ಕೆ.

ಕೊಟ್ಟೂರಿನಲ್ಲಿ ಇಳಿದಾಗ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬ್ಯೂಗಲ್ಲನ್ನು ಟವೆಲ್ಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ತಯಾರಾಗಿದ್ದರು. ನಾನು ಮಂಡಕ್ಕಿ, ಮೆಣಸಿನಕಾಯಿ ತಿಂದೆ. ಅವರು ಮಂಡಕ್ಕಿಯನ್ನು ಚಹಾದಲ್ಲಿ ನೆನೆಹಾಕಿ ಚಮಚದಲ್ಲಿ ತೆಗೆದುಕೊಂಡರು. ಬಾಗಿಲಿಗೆ ಬಂದು ನಿಂತ ಅಕ್ಕ ನನಗೆ ಹೇಳಿದ್ದು ಒಂದೇ: "ಹಲ್ಲು ನೆಟ್ಟಗ ಕುಂತಾವಿಲ್ಲ ನೋಡಿಕೊಂಡು ಬಾ."

ಅಲ್ಲಿಂದ ಹಗರಿಬೊಮ್ಮನಹಳ್ಳಿಗೆ ಮುಕ್ಕಾಲು ಗಂಟೆಯ ದಾರಿ. ಇಕ್ಕೆಲಗಳಲ್ಲೂ ಮೆಕ್ಕೆಜೋಳದ ಕಟಾವು ನಡೆದಿತ್ತು. ಪಕ್ಕದ ಸೀಟಿನವರೊಬ್ಬರು ಟವೆಲ್ಲಿನೊಳಗೆ ಏನೆಂದು ಕೇಳಿದರು. ಬ್ಯೂಗಲ್ ಎಂದು ತಿಳಿದ ಮೇಲೆ, ಯುದ್ಧ ನಡೆದಾಗಲೂ ಇದನ್ನೇ ಊದುತ್ತಿದ್ದಿರೇನು ಎಂದು ಮೀಸೆಯಡಿ ನಕ್ಕರು. ಯುದ್ಧದಲ್ಲಿ ಬ್ಯಾಂಡಿನವರು ಸ್ಟ್ರೆಚರ್ ಹೊರುತ್ತಾರೆ, ಬಿದ್ದವರನ್ನು ಎತ್ತಿ ತರುವುದು ಅವರ ಕೆಲಸ ಎಂದು ಮಾವ ಹೇಳಿದರು. ಇಳಿಯುವಾಗ ಅವರು ಮಾವನ ಚೀಲವನ್ನು ತಾವೇ ಇಳಿಸಿಕೊಟ್ಟರು.

ಹಗರಿಬೊಮ್ಮನಹಳ್ಳಿಯಲ್ಲಿ ಶಾಲೆಯೊಂದರ ಬಯಲಲ್ಲಿ ಮಾಜಿ ಸೈನಿಕರ ಹಲ್ಲಿನ ಶಿಬಿರ. ಬೇವಿನ ಮರದಡಿ ದೊಡ್ಡದೊಂದು ವ್ಯಾನು, ಅದರೊಳಗೆ ಹಲ್ಲಿನ ಕುರ್ಚಿ, ಪಕ್ಕದಲ್ಲಿ ಹಲ್ಲು ಕಟ್ಟುವ ಕುಶಲಕರ್ಮಿಯ ಸಣ್ಣ ಮೇಜು. ವ್ಯಾನು ದಿನಕ್ಕೊಂದು ಊರಿಗೆ ಹೋಗುತ್ತದೆ. ಅಂದು ಇಲ್ಲಿ, ಮರುದಿನ ಹಡಗಲಿಯಲ್ಲಿ. ಮಾಜಿ ಸೈನಿಕರು, ಅವರ ಹೆಂಡಂದಿರು, ಒಬ್ಬಿಬ್ಬರು ವಿಧವೆಯರು ಕುರ್ಚಿಗಳಲ್ಲಿ ಸಾಲಾಗಿ ಕೂತಿದ್ದರು. ಎಲ್ಲರಿಗೂ ಬಿಸಿ ಇಡ್ಲಿ ಕೊಟ್ಟರು. ನಾನು ಸೈನಿಕನಲ್ಲ ಎಂದರೂ ಬಿಡಲಿಲ್ಲ. ಯಾರೂ ಯಾರನ್ನೂ ಗದರಿಸುತ್ತಿರಲಿಲ್ಲ. ಕಚೇರಿಗಳನ್ನು ಕಂಡ ನನಗೆ ಇದು ಮೊದಲ ಆಶ್ಚರ್ಯ.

ವೈದ್ಯೆ ಧಾರವಾಡದ ಕಡೆಯ ಹುಡುಗಿ, ಸೈನ್ಯದಲ್ಲಿ ಕ್ಯಾಪ್ಟನ್. ಹಿಂದಿನ ತಿಂಗಳು ಅಳತೆ ತೆಗೆದುಕೊಂಡಿದ್ದ ಹಲ್ಲಿನ ಸೆಟ್ಟನ್ನು ಮಾವನ ಬಾಯಿಗೆ ಕೂಡಿಸಿ ಕನ್ನಡಿ ಕೊಟ್ಟಳು. ಹಲ್ಲುಗಳು ಹಡಗಲಿ ಮಲ್ಲಿಗೆಯ ಮೊಗ್ಗು ಪೋಣಿಸಿದಂತೆ ಸಾಲಾಗಿದ್ದವು. ಮಾವ ಹತ್ತು ವರ್ಷ ಚಿಕ್ಕವರಾದರು. ಸರ್ಕಾರಕ್ಕೂ ಒಂದೊಂದು ಸಲ ಕಣ್ಣಳತೆ ಇರುತ್ತದೆ ಎಂದುಕೊಂಡೆ.

ಮಾವ ಟವೆಲ್ ಬಿಚ್ಚಿ, ವ್ಯಾನಿನಿಂದ ಕೆಳಗಿಳಿದು, ಬ್ಯೂಗಲ್ ತುಟಿಗೆ ಹಚ್ಚಿದರು. ಬಂದದ್ದು ಪಂಕ್ಚರಾದ ಟಯರಿನ ಸದ್ದು. ಮತ್ತೊಮ್ಮೆ ಊದಿದರು, ಗಾಳಿ ಮತ್ತು ಉಗುಳು ಬಂತು. ಕೂತಿದ್ದ ಹಳೆಯ ಸೈನಿಕರು ಬೇರೆ ಕಡೆ ನೋಡಿದರು.

"ಇವು ನನ್ನ ಹಲ್ಲಲ್ರಿ ಮೇಡಂ," ಎಂದರು ಮಾವ.

ಒತ್ತುತ್ತವೆಯೇ, ನೋಯುತ್ತವೆಯೇ ಎಂದು ಆಕೆ ಕೇಳಿದಳು.

"ನೋವಿಲ್ರಿ. ನೆಟ್ಟಗ ಅದಾವ್ರಿ. ಅದ ತ್ರಾಸು."

ಆಮೇಲೆ ಬಿಡಿಸಿ ಹೇಳಿದರು. ಅವರ ಮೇಲಿನ ಮುಂದಿನ ಹಲ್ಲೊಂದು ಪಕ್ಕದ ಹಲ್ಲಿನ ಮೇಲೆ ಹತ್ತಿ ಸ್ವಲ್ಪ ಮುಂದೆ ಬಂದಿತ್ತು. ತುಟಿ ಆ ಮೂಲೆಗೇ ಸಿಕ್ಕಿಕೊಂಡು, ಬ್ಯೂಗಲ್ಲಿನ ಬಾಯಿ ಅಲ್ಲಿಯೇ ಕೂರುತ್ತಿತ್ತು. ಅವರು ಊದಲು ಕಲಿತದ್ದೇ ಆ ಹಲ್ಲಿನ ಮೇಲೆ. ಈಗ ತುಟಿ ಜಾರುತ್ತಿದೆ, ನಿಲ್ಲುತ್ತಿಲ್ಲ.

ಕ್ಯಾಪ್ಟನ್ ನಕ್ಕುಬಿಟ್ಟಳು. "ಅಜ್ಜಾರ, ಹಲ್ಲು ನೆಟ್ಟಗ ಮಾಡ್ರಿ ಅಂತ ದಿನಾ ಬರ್ತಾರ. ಸೊಟ್ಟ ಮಾಡ್ರಿ ಅಂದವರು ನೀವ ಮೊದಲು." ಆದರೆ ಅಷ್ಟಕ್ಕೇ ಬಿಟ್ಟು ಮುಂದಿನವರನ್ನು ಕರೆಯಲಿಲ್ಲ. ಇನ್ನೊಮ್ಮೆ ಊದಲು ಹೇಳಿ, ಬಗ್ಗಿ ತುಟಿಯನ್ನೇ ನೋಡಿದಳು. ಆ ಹಲ್ಲು ಎಷ್ಟು ಮುಂದಿತ್ತು, ಎಷ್ಟು ಓರೆಯಾಗಿತ್ತು ಗೊತ್ತಾದರೆ ಸರಿಮಾಡಬಹುದು, ಹಳೆಯ ಫೋಟೋ ಇದೆಯೇ ಎಂದಳು. ಸೈನ್ಯದ ಫೋಟೋಗಳಲ್ಲಿ ಯಾರು ಹಲ್ಲು ತೋರಿಸುತ್ತಾರೆ? ಮದುವೆಯ ಫೋಟೋದಲ್ಲಂತೂ ಮಾವ, ಅಕ್ಕ ಇಬ್ಬರೂ ಯಾರಿಗೋ ಶಿಕ್ಷೆ ವಿಧಿಸಲು ಕೂತವರ ಹಾಗಿದ್ದಾರೆ.

ಆಗ ನನಗೆ ಹೊಳೆಯಿತು. ಆ ಹಲ್ಲು ಬಿದ್ದುಹೋಗಿಲ್ಲ, ಹಡಗಲಿಯಲ್ಲಿದೆ. ಮಾವನ ಮೊಮ್ಮಗಳು ಚೈತ್ರಾಳ ಬಾಯಲ್ಲಿ ಅದೇ ಜಾಗದಲ್ಲಿ ಅದೇ ಸೊಟ್ಟ ಹಲ್ಲು. ಆ ಹಲ್ಲು ಹುಟ್ಟಿದಾಗಿನಿಂದ ಮನೆಯವರೆಲ್ಲ ಅಜ್ಜನ ಹಲ್ಲು ಎಂದೇ ಆಡಿದ್ದೇವೆ. ನಾನು ಹಾಗೆಂದ ಕೂಡಲೇ, ಸಾಕು ಎಂಬಂತೆ ಮಾವ ನನ್ನ ಕೈ ಹಿಡಿದು ಒತ್ತಿದರು. ಅವರಿಗೆ ಮೊದಲೇ ನೆನಪಾಗಿತ್ತು, ಬಾಯಿ ಬಿಟ್ಟಿರಲಿಲ್ಲ. ಆ ಹುಡುಗಿಯ ಹಲ್ಲಿನ ಅಚ್ಚು ಸಿಕ್ಕರೆ ಸಾಕು, ನಾಳೆ ಹಡಗಲಿಯಲ್ಲಿ ವ್ಯಾನಿಗೆ ಕರೆತನ್ನಿ ಎಂದಳು ಕ್ಯಾಪ್ಟನ್.

ಹಡಗಲಿಯ ಬಸ್ಸಿನಲ್ಲಿ ಕಾರಣ ಹೇಳಿದರು. ಚೈತ್ರಾಗೆ ಆ ಹಲ್ಲೆಂದರೆ ಆಗದು. ಕಾಲೇಜಿಗೆ ಸೇರಿದ ಮೇಲೆ ಕೈ ಅಡ್ಡ ಹಿಡಿಯದೆ ನಕ್ಕಿಲ್ಲ. ಮುಂದಿನ ವಾರ ದಾವಣಗೆರೆಗೆ ಹೋಗಿ ಅದು ನೆಟ್ಟಗಾಗಲು ತಂತಿ ಹಾಕಿಸಿಕೊಳ್ಳುವುದೆಂದು ಗೊತ್ತಾಗಿತ್ತು. "ಆಕಿ ಮುಚ್ಚಿಕೊಂಡಿದ್ದನ್ನ ನಾಕು ಮಂದಿ ಮುಂದ ತೆಗಿ ಅಂತ ಹೆಂಗ ಕೇಳ್ಲೋ, ವೀರೇಶ?" ಎಂದರು. ಹೊಸ ಹಲ್ಲುಗಳನ್ನು ಅವರು ಆಗಲೇ ತೆಗೆದು ಸ್ಟೀಲ್ ಡಬ್ಬಿಗೆ ಹಾಕಿದ್ದರು.

ಹಡಗಲಿಯಲ್ಲಿ ಅವರ ಮಗಳು ಶೈಲಾಳ ಮನೆ. ಎಣ್ಣೆಗಾಯಿ, ಬಿಸಿ ರೊಟ್ಟಿ, ಶೇಂಗಾ ಚಟ್ನಿ. ಮಾವ ರೊಟ್ಟಿಯನ್ನು ಹಾಲಿನಲ್ಲಿ ಮುರಿದುಕೊಂಡರು. ಚೈತ್ರಾ ಕೂಡ ಕೆಡೆಟ್. ಮರುದಿನದ ಶಿಬಿರಕ್ಕೆ ಅವಳೂ ಹೊರಟವಳು, ಬೂಟಿಗೆ ಪಾಲಿಶ್ ಹಾಕುತ್ತ ಕೂತಿದ್ದಳು. ಹಲ್ಲು ಎಲ್ಲಿ ಅಜ್ಜ ಎಂದು ಕೇಳಿದಳು. ಕೂತಿಲ್ಲ ಎಂದರು ಮಾವ, ಅಷ್ಟೇ. ನನಗೆ ತಡೆಯಲಾಗಲಿಲ್ಲ. ವ್ಯಾನಿನ ಹತ್ತಿರ ನಡೆದದ್ದನ್ನೆಲ್ಲ ಹೇಳಿ, ನಿನ್ನ ಹಲ್ಲಿನ ಅಚ್ಚು ಸಿಕ್ಕರೆ ಕೆಲಸವಾಗುತ್ತದೆ ಎಂದೆ. ಚೈತ್ರಾಳ ಕೈ ತಾನಾಗಿಯೇ ಬಾಯಿಗೆ ಹೋಯಿತು. ಶೈಲಾ ನನ್ನನ್ನು ಕಣ್ಣಲ್ಲೇ ಬೈದಳು. ಬೇಡ ಬಿಡು, ಹರಪನಹಳ್ಳಿಯವರಿಗೆ ಬೇರೆ ಯಾರಾದರೂ ಸಿಗುತ್ತಾರೆ ಎಂದು ಮಾವ ಮಾತು ತಿರುಗಿಸಿದರು. ಹುಡುಗಿ ಬೂಟು ಎತ್ತಿಕೊಂಡು ಒಳಗೆ ಹೋದಳು. ಸುಮ್ಮನಿದ್ದಿದ್ದರೆ ಚೆನ್ನಾಗಿತ್ತೇನೋ ಎಂದು ನನಗೆ ಊಟ ಸೇರಲಿಲ್ಲ.

ಬೆಳಿಗ್ಗೆ ನಾವು ಚಹಾ ಕುಡಿಯುತ್ತಿರುವಾಗ ಚೈತ್ರಾ ಖಾಕಿ ಸಮವಸ್ತ್ರ ತೊಟ್ಟು, ಟೊಪ್ಪಿಗೆ ಸರಿಮಾಡಿಕೊಂಡು ಬಂದು ಬಾಗಿಲಲ್ಲಿ ನಿಂತಳು. "ನಡೀ ಅಜ್ಜ, ವ್ಯಾನು ಬಂದಿರ್ತೈತಿ," ಎಂದಳು.

ವ್ಯಾನಿನ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ಬಾಯಿ ತೆರೆದಳು. ಕ್ಯಾಪ್ಟನ್ ಒಂದು ತಮಾಷೆ ಮಾತೂ ಆಡಲಿಲ್ಲ. ಮೆತ್ತನೆಯ ಹಿಟ್ಟನ್ನು ಒತ್ತಿ ಅಚ್ಚು ತೆಗೆದಳು. ಕುಶಲಕರ್ಮಿ ಅದಕ್ಕೆ ಗಾರೆ ಹೊಯ್ದು, ಗಟ್ಟಿಯಾದ ಮೇಲೆ ಮಾವನ ಸೆಟ್ಟಿನ ಪಕ್ಕದಲ್ಲಿ ಇಟ್ಟುಕೊಂಡು, ಅಂದವಾಗಿ ಕೂತಿದ್ದ ಒಂದು ಹಲ್ಲನ್ನು ಬಿಡಿಸಿ, ಓರೆ ಮಾಡಿ ಕೂಡಿಸಿದ. ಮಾವ ಬಾಯಿಗೆ ಹಾಕಿಕೊಂಡು ಬ್ಯೂಗಲ್ ಹಚ್ಚುವುದು, ಇನ್ನೊಂದು ಚೂರು ಮುಂದೆ ಎನ್ನುವುದು, ಅವನು ಮತ್ತೆ ಬಿಡಿಸುವುದು. ಹೊರಗೆ ಸಾಲಿನಲ್ಲಿ ಕಾಯುತ್ತಿದ್ದವರಲ್ಲಿ ಒಬ್ಬರಾದರೂ ಗೊಣಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬ್ಯೂಗಲ್ಲಿನಿಂದ ಒಂದು ಸ್ವರ ಹೊರಟಿತು. ಒಂದೇ, ಅದೂ ನಡುಗುತ್ತಿತ್ತು. ಹೊಸ ಹಲ್ಲು, ಪೂರ್ತಿ ಊದಿದರೆ ಕಳಚಬಹುದು ಎಂದು ಎಚ್ಚರಿಸಿ ಕ್ಯಾಪ್ಟನ್ ಅಂಟಿನ ಪುಡಿ ಕೊಟ್ಟಳು. ಚೈತ್ರಾಳಿಗೆ ಒಂದು ಸೆಲ್ಯೂಟ್ ಕೂಡ ಕೊಟ್ಟಳು.

ಹರಪನಹಳ್ಳಿ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಬಸ್ಸಿನಲ್ಲಿ ಅಜ್ಜ ಮೊಮ್ಮಗಳು ಇಬ್ಬರಿಗೂ ಸೀಟು ಸಿಕ್ಕಿತ್ತು, ನಾನು ಯಥಾಪ್ರಕಾರ ಕಂಬಿ ಹಿಡಿದಿದ್ದೆ. ಊರ ಹೊರಗಿನ ರಸ್ತೆಯ ಅಂಚಿಗೆಲ್ಲ ಮೆಕ್ಕೆಜೋಳ ಹರವಿದ್ದರು. ಕಾಲೇಜಿನ ಮೈದಾನದಲ್ಲಿ ಬೇರೆ ಬೇರೆ ಊರಿನ ಕೆಡೆಟ್‌ಗಳ ಡೇರೆಗಳು. ರೈತರ, ಕೂಲಿಯವರ, ಅಂಗಡಿಯವರ ಮಕ್ಕಳು. ಒಬ್ಬೊಬ್ಬರ ಬೂಟಿನಲ್ಲೂ ಮುಖ ಕಾಣುತ್ತಿತ್ತು. ಸಮವಸ್ತ್ರ, ಬೂಟು, ಊಟ ಎಲ್ಲ ಸರ್ಕಾರದ್ದೇ. ಹೊಸ ಡ್ರಮ್ಮುಗಳನ್ನು ಮರದ ಪೆಟ್ಟಿಗೆಗಳಿಂದ ತೆಗೆದು ಸಾಲಾಗಿ ಇಟ್ಟಿದ್ದರು. ಬಾರಿಸಲು ಬಾರದ ಮಕ್ಕಳು ಸುತ್ತ ನಿಂತು ಬರೀ ಮುಟ್ಟಿ ನೋಡುತ್ತಿದ್ದರು. ಇಷ್ಟನ್ನೆಲ್ಲ ಕೊಟ್ಟವರು ನನ್ನ ಮಾವನಿಗೆ ಕಾಯುತ್ತಿದ್ದಾರಲ್ಲ ಎಂದು ನನಗೆ ಹೆಮ್ಮೆಯೂ ಆಯಿತು, ಆ ಹಲ್ಲು ನಿಲ್ಲಬೇಕಲ್ಲ ಎಂಬ ಚಿಂತೆಯೂ ಆಯಿತು.

ಸೂರ್ಯ ಮುಳುಗುವಾಗ ಮಕ್ಕಳು ಸಾಲಾಗಿ ನಿಂತರು. ಕರ್ನಲ್ ಸಾಹೇಬರು ಗಡಿಯಾರ ನೋಡಿ ತಲೆಯಾಡಿಸಿದರು. ಮಾವ ಧ್ವಜಸ್ತಂಭದ ಪಕ್ಕ ಹೋಗಿ ಬ್ಯೂಗಲ್ ಎತ್ತಿದರು. ಮೊದಲ ಸ್ವರ ಒಡೆಯಿತು.

ಸಾಲಿನಲ್ಲಿದ್ದ ಚೈತ್ರಾಳ ಮುಖ ನೋಡಿದೆ. ನೇರವಾಗಿ ಅಜ್ಜನನ್ನೇ ನೋಡುತ್ತ ನಿಂತಿದ್ದಳು. ಮಾವ ಬ್ಯೂಗಲ್ ಇಳಿಸಿದರು, ನಾಲಿಗೆಯಿಂದ ಆ ಹಲ್ಲನ್ನು ಮುಟ್ಟಿ ನೋಡಿಕೊಂಡರು, ಮತ್ತೆ ಎತ್ತಿದರು. ಈ ಸಲ ಸ್ವರ ಬಂತು. ಅದರ ಮೇಲೆ ಇನ್ನೊಂದು, ಇನ್ನೊಂದು. ಧ್ವಜ ನಿಧಾನವಾಗಿ ಇಳಿಯತೊಡಗಿತು. ಈ ಊದು ಕೇಳಿದರೆ ಸೈನ್ಯದಲ್ಲಿ ಎಲ್ಲಿದ್ದವರು ಅಲ್ಲೇ ನಿಲ್ಲಬೇಕಂತೆ. ನಾನು ಯಾವ ಸೈನ್ಯದಲ್ಲೂ ಇದ್ದವನಲ್ಲ, ಆದರೂ ಚಹಾದ ಲೋಟ ಕೆಳಗಿಟ್ಟು ಎದ್ದು ನಿಂತಿದ್ದೆ. ಕಾಂಪೌಂಡಿನಾಚೆ ಮೆಕ್ಕೆಜೋಳ ಗುಡ್ಡೆ ಹಾಕುತ್ತಿದ್ದ ಹೆಂಗಸರೂ ಸಲಿಕೆ ಹಿಡಿದು ಹಾಗೇ ನಿಂತಿದ್ದರು. ಮಾಳಿಗೆಯ ಮೇಲಿನಿಂದ ಹತ್ತು ವರ್ಷ ಕೇಳದ ಸದ್ದು ಅದು. ನನ್ನ ಕಣ್ಣು ತುಂಬಿ ಹರಿಯಿತು, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಸೋಮವಾರದಿಂದ ಬನ್ನಿ ಮೇಷ್ಟ್ರೇ ಎಂದರು ಕರ್ನಲ್. ಮೊದಲ ಪಾಠ ಈಗಲೇ ಆಗಲಿ ಎಂದು ಮಕ್ಕಳು ಗಲಾಟೆ ಮಾಡಿದರು. ಯಾರು ಊದುತ್ತೀರಿ ಎಂದು ಮಾವ ಕೇಳಿದಾಗ ಚೈತ್ರಾ ಮುಂದೆ ಬಂದಳು. ಬ್ಯೂಗಲ್ಲಿನ ಬಾಯಿಯನ್ನು ಆ ಸೊಟ್ಟ ಹಲ್ಲಿನ ಜಾಗಕ್ಕೇ ಮಾವ ತಾವೇ ಹಿಡಿದು ಕೂಡಿಸಿದರು. ಹುಡುಗರೆಲ್ಲ ಊದಿ ಗಾಳಿ ಬಿಟ್ಟರು. ಅವಳ ಬ್ಯೂಗಲ್ ಎರಡನೆಯ ಸಲಕ್ಕೇ ಮೊರೆಯಿತು. ಅವಳು ಬೆಚ್ಚಿಬಿದ್ದು, ಆಮೇಲೆ ನಕ್ಕಳು. ಕೈ ಬ್ಯೂಗಲ್ ಹಿಡಿದಿತ್ತು, ಬಾಯಿಗೆ ಹೋಗಲಿಲ್ಲ. ನಾವು ಹೊರಡುವಾಗ ಗೇಟಿನವರೆಗೆ ಬಂದು, "ವೀರೇಶಜ್ಜ, ದಾವಣಗೇರಿಗೆ ನಾ ಬರಂಗಿಲ್ಲ ಅಂತ ಅವ್ವಗ ನೀನ ಹೇಳು," ಎಂದಳು. ಕೆಟ್ಟ ಸುದ್ದಿ ಹೇಳಲು ನಾನೇ ಬೇಕು ಇವರಿಗೆಲ್ಲ.

ಕೊಟ್ಟೂರಿನ ಬಸ್ಸಿನಲ್ಲಿ ಕೊನೆಗೂ ನನಗೆ ಸೀಟು ಸಿಕ್ಕಿತು. ಮಾವ ಬ್ಯೂಗಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಗೆ ಒರಗಿ ನಿದ್ದೆಹೋದರು. ಅಕ್ಕನಿಗೆ ಫೋನ್ ಮಾಡಿದೆ. ಊದಿದರು, ಕೆಲಸ ಸಿಕ್ಕಿತು ಎಂದೆ. ಅವಳು ಅದನ್ನು ಕೇಳಿಸಿಕೊಂಡು, ಹಲ್ಲು ನೆಟ್ಟಗೆ ಕೂತಿವೆಯೋ ಇಲ್ಲವೋ ಅದನ್ನು ಹೇಳು ಎಂದಳು.

"ಒಂದು ಸೊಟ್ಟ ಐತಿ, ಅಕ್ಕ."

"ಮೊದಲಿದ್ದಂಗ?" ಎಂದಳು.

"ಹೂಂ. ಮೊದಲಿದ್ದಂಗ. ಫೋಟೋ ಕಳಸ್ಲೇನು?"

"ಬ್ಯಾಡ," ಎಂದಳು ಅಕ್ಕ. "ಮನೀಗೆ ಬರ್ಲಿ. ನಗಿಸಿ ನೋಡ್ತೀನಿ."