ಹೆಜ್ಜೆ ತಪ್ಪುವ ಡಾಕ್ಟರಮ್ಮ
ವಾರವಿಡೀ ಮಕ್ಕಳನ್ನು ನೋಡುವ ಡಾಕ್ಟರಮ್ಮ ಭಾನುವಾರ ಬೆಳಗ್ಗೆ ಖಾಕಿ ತೊಟ್ಟು ಗೃಹರಕ್ಷಕ ದಳದ ಕವಾಯತಿಗೆ ಬರುತ್ತಾರೆ. ಸಂಬಳವಿಲ್ಲ, ಬಲವಂತವೂ ಇಲ್ಲ. ಹುರಿಮೀಸೆಯ ಗಂಡಸರಿಗೂ “ಎಲ್ಲಿ ಪುಟ್ಟಾ, ಆ ಅನ್ನು” ಎನ್ನುವುದು ಅವರ ರೂಢಿ. ಮಾತ್ರೆ ನುಂಗಿದವರ ಬೆನ್ನು ತಟ್ಟದೆ ಬಿಡುವುದಿಲ್ಲ. ಆದರೆ ಅವರ ಕವಾಯತು ಮಾತ್ರ ದೇವರಿಗೇ ಪ್ರೀತಿ. ಇಡೀ ಸಾಲು ಎಡಗಾಲೆತ್ತಿದರೆ ಅವರದು ಬಲಗಾಲು. “ಡಾಕ್ಟರಮ್ಮಾ, ಮೊದಲು ನಿಮ್ಮ ಕಾಲಿಗೆ ಔಷಧಿ ಕೊಡಿ!” ಎಂದು ಕವಾಯತು ಮಾಡಿಸುವ ಹವಾಲ್ದಾರರು ಕೂಗುತ್ತಾರೆ. ಡಾಕ್ಟರಮ್ಮ ನಗುತ್ತಾರೆ, ಮತ್ತೆ ತಪ್ಪುತ್ತಾರೆ. ಈ ಭಾನುವಾರ ಬಿಸಿಲಲ್ಲಿ ಕೂಗುತ್ತಿದ್ದ ಹವಾಲ್ದಾರರೇ ಕಡಿದ ಮರದಂತೆ ಉರುಳಿದರು. ಅವರು ನೆಲ ಮುಟ್ಟುವ ಮೊದಲೇ ಡಾಕ್ಟರಮ್ಮ ಸಾಲು ಬಿಟ್ಟು ಓಡಿದ್ದರು. ಬೆಲ್ಟ್ ಸಡಿಲಿಸಿ, ಅವರ ಕಾಲುಗಳನ್ನು ತಮ್ಮ ಔಷಧಿ ಚೀಲದ ಮೇಲೆತ್ತಿಟ್ಟು, ಕುಕ್ಕರಗಾಲಲ್ಲಿ ಕೂತು ನಾಡಿ ಹಿಡಿದರು. ಸಿಕ್ಕ ಒಂದೊಂದು ಬಡಿತಕ್ಕೂ ಬೂಟಿನ ತುದಿಯಿಂದ ನೆಲ ತಟ್ಟಿದರು. ಮೊದಮೊದಲು ಆ ಸದ್ದು ತಡವರಿಸಿತು. ಉಸಿರು ಬಿಗಿಹಿಡಿದು ನಿಂತ ದಳಕ್ಕೆ ಬೇರೇನೂ ಕೇಳಿಸಲಿಲ್ಲ. ಆಮೇಲೆ ಟಕ್, ಟಕ್, ಟಕ್, ಒಂದೇ ಸಮ. ಹವಾಲ್ದಾರರು ಕಣ್ಣು ತೆರೆದು, “ಬೀಳೋ ಮೊದಲೇ ನೀವು ಓಡಿ ಬರ್ತಿದ್ರಲ್ಲ, ನಾನು ಬೀಳ್ತೀನಂತ ನಿಮಗೆ ಹೇಗೆ ಗೊತ್ತಾಯ್ತು?” ಎಂದರು. “ಮುಖ ಬಿಳಿಚಿಕೊಂಡಿದ್ದು ಕಂಡೆ ಪುಟ್ಟಾ. ಕವಾಯತಿನಲ್ಲಿ ನಾನು ಎಲ್ಲರ ಮುಖ, ನಡಿಗೆ ನೋಡ್ತಿರ್ತೀನಿ. ಅದಕ್ಕೇ ಹೆಜ್ಜೆ ತಪ್ಪೋದು.” ಹವಾಲ್ದಾರರು ಮಲಗಿದಲ್ಲಿಂದಲೇ, ಇನ್ನೂ ನೆಲ ತಟ್ಟುತ್ತಿದ್ದ ಆ ಬೂಟನ್ನು ಒಂದು ಗಳಿಗೆ ನೋಡಿದರು. “ತಪ್ಪಲಿ ಬಿಡಿ, ಡಾಕ್ಟರಮ್ಮಾ,” ಎಂದರು.