ಕಲ್ಲು ಮೇಡಂ ಒಡೆದ ಕಾಯಿ

ನಮ್ಮ ಅಡುಗೆಮನೆಯಲ್ಲಿ ಶುಂಠಿ ಜಜ್ಜಲು ಒಂದು ಕಲ್ಲಿದೆ. ಗೇಣುದ್ದ, ಹಿಡಿಯಲ್ಲಿ ಸರಿಯಾಗಿ ಕೂರುವ ದಪ್ಪ, ಲಟ್ಟಣಿಗೆಯ ಹಾಗೆ ದುಂಡಗೆ. ಬೂದು ಮೈಯಲ್ಲಿ ಅಲ್ಲಲ್ಲಿ ತಿಳಿಗೆಂಪು ಚುಕ್ಕೆ. ಇದನ್ನು ಯಾರೂ ಕೂತು ಕಡೆದದ್ದಲ್ಲ, ನೆಲದ ಆಳದಿಂದ ಯಂತ್ರವೇ ಹೀಗೆ ಕೊರೆದು ತೆಗೆದದ್ದು. ಹೋದ ವಾರ ಟೀಗೆಂದು ಶುಂಠಿ ಜಜ್ಜುತ್ತಿದ್ದಾಗ ಫೋನು ಬಂತು. ಆ ಕಡೆಯ ಹೆಂಗಸು ತಾನು ಮೇಡಂ ಅವರ ತಂಗಿ ಎಂದರು. ಅಕ್ಕ ತೀರಿಕೊಂಡು ಹದಿನೈದು ದಿನವಾಯಿತಂತೆ. ಅಕ್ಕನ ಫೋನಿನಲ್ಲಿ ನನ್ನ ನಂಬರು 'ಕುಂದಾಣ ಮನೆ' ಎಂದು ಇತ್ತಂತೆ, ತಿಳಿಸಬೇಕು ಅನ್ನಿಸಿತಂತೆ. ನಾನು ಒಲೆ ಆರಿಸಿದೆ. ಕೈಯೆಲ್ಲ ಶುಂಠಿಯ ಘಾಟು...

ಈಗ ಪಿಯುಸಿ ಓದುತ್ತಿರುವ ಮಗಳು ಆಗ ನನ್ನ ಹೊಟ್ಟೆಯಲ್ಲಿದ್ದಳು. ತೂಬಗೆರೆಯಿಂದ ಕುಂದಾಣದ ಈ ಮನೆಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ದೇವನಹಳ್ಳಿಯ ಏರ್‌ಪೋರ್ಟು ಹೊಸದಾಗಿ ಶುರುವಾಗಿ ನಮ್ಮ ಯಜಮಾನರಿಗೆ ಅಲ್ಲಿ ಕಾರ್ಗೋದಲ್ಲಿ ಕೆಲಸ ಸಿಕ್ಕಿತ್ತು. ಮಹಡಿಯ ಮೇಲಿನ ಖಾಲಿ ರೂಮಿಗೆ ಬಾಡಿಗೆಗೆ ಬಂದವರು ಈ ಮೇಡಂ. ಐವತ್ತರ ಆಚೆಯ ವಯಸ್ಸು, ಮದುವೆಯಾಗಿರಲಿಲ್ಲ. ಕಾಟನ್ ಸೀರೆಗೆ ಕ್ಯಾನ್ವಾಸ್ ಶೂ, ಹೆಗಲ ಚೀಲದಲ್ಲಿ ಸುತ್ತಿಗೆ. ಸರ್ಕಾರದ ಯಾವುದೋ ಸಂಸ್ಥೆಯವರು, ಕಲ್ಲು ಪರೀಕ್ಷೆ ಮಾಡುತ್ತಾರೆ ಎಂಬುದಷ್ಟೇ ನಮಗೆ ಗೊತ್ತಿದ್ದದ್ದು. ಊರೆಲ್ಲ ಕಲ್ಲು ಮೇಡಂ ಎಂದೇ ಕರೆಯುತ್ತಿತ್ತು. ಒಂದು ದಿನ ಅವರು ಹೊಲದಲ್ಲಿ ಕಲ್ಲಿನ ಚೂರೊಂದನ್ನು ನಾಲಗೆಗೆ ತಾಗಿಸಿ ನೋಡುತ್ತಿದ್ದದ್ದನ್ನು ಅತ್ತೆ ಕಂಡುಬಿಟ್ಟರು. ಪಾಪ, ಹೊಟ್ಟೆಗೆ ಸರಿಯಾಗಿ ಇಲ್ಲವೇನೋ ಎಂದು ಅವತ್ತಿನಿಂದ ದಿನಾ ಮಧ್ಯಾಹ್ನ ಮುದ್ದೆ, ಉಪ್ಪುಸಾರು ಮಹಡಿಗೆ ಹೋಗತೊಡಗಿತು. ಒದ್ದೆ ಮಾಡಿದರೆ ಕಲ್ಲಿನ ಕಣ ಚೆನ್ನಾಗಿ ಕಾಣುತ್ತದೆ ಎಂದು ಅವರು ಎಷ್ಟು ಹೇಳಿದರೂ ಅತ್ತೆ ನಂಬಲಿಲ್ಲ.

ನಮ್ಮ ಹೊಲದ ಕೊನೆಗೆ ಒಂದು ಹಾಸುಬಂಡೆಯಿದೆ. ಅದರ ಪಕ್ಕದಲ್ಲಿ ಕೊರೆಯಬೇಕೆಂದು ಮೇಡಂ ಕೇಳಿದಾಗ ಮಾವ ಒಪ್ಪಿದರು. ಕೊರೆಯುವ ಯಂತ್ರ ಬಂದು ನಿಂತ ದಿನ ಅತ್ತೆಯ ಸಂಭ್ರಮ ನೋಡಬೇಕಿತ್ತು. ನೆಲ ಕೊರೆಯುತ್ತಾರೆ ಎಂದರೆ ನೀರಿಗೇ ಎಂಬುದು ನಮ್ಮ ಕಡೆಯ ಲೆಕ್ಕ. ಯಂತ್ರಕ್ಕೆ ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು, ಕರ್ಪೂರ ಹಚ್ಚಿ, ತೆಂಗಿನಕಾಯಿಯನ್ನು ಮೇಡಂ ಕೈಗೆ ಕೊಟ್ಟರು.

"ನೀವೇ ಒಡೀರಿ ಮೇಡಮ್ನೋರೇ. ಗಂಗೆ ಬರ್ಲಿ ಅಂತ ಕೇಳ್ಕೊಂಡು ಒಡೀರಿ."

ಕಾಯಿ ಒಡೆಯುವವರ ಕೈಗುಣ ಚೆನ್ನಾಗಿದ್ದರೆ ನೀರು ಬರುತ್ತದೆ ಎನ್ನುತ್ತಾರೆ. ಮೇಡಂ ತಬ್ಬಿಬ್ಬಾದರು. ಆಮೇಲೆ ಕಣ್ಣು ಮುಚ್ಚಿ ಬಹಳ ಹೊತ್ತು ನಿಂತರು. ಕಾಯಿ ಸರಿಯಾಗಿ ಎರಡು ಹೋಳಾಯಿತು. ಅತ್ತೆಯ ಮುಖ ಅರಳಿತು.

ಮಧ್ಯಾಹ್ನ ಮಹಡಿಯ ಮೇಲೆ ನಾನು ಸಂಡಿಗೆ ಹಾಕುತ್ತಿದ್ದೆ. ಮೇಡಂ ಬಂದು ನೆರಳಲ್ಲಿ ಕೂತರು. ನನಗೆ ಬಾಯಿ ಸುಮ್ಮನಿರದು. "ಏನ್ ಮೇಡಂ, ಅಷ್ಟೊತ್ತು ಏನ್ ಕೇಳ್ಕೊಂಡ್ರಿ?" ಎಂದು ಕೆಣಕಿದೆ.

"ನೀರು ಬರದೇ ಇರ್ಲಿ ಅಂತ ಕೇಳ್ಕೊಂಡೆ ಕಣಮ್ಮ."

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದರು. ಅಣುವಿದ್ಯುತ್ ತಯಾರಾಗುವ ಕಡೆ ಉರಿದು ಉಳಿಯುವ ವಸ್ತು ಇದೆಯಲ್ಲ, ಅದರ ವಿಷ ಸಾವಿರಾರು ವರ್ಷ ಹೋಗುವುದಿಲ್ಲ. ಅದನ್ನು ಗಟ್ಟಿ ಡಬ್ಬಿಗಳಲ್ಲಿ ತುಂಬಿ, ಸುತ್ತ ಜೇಡಿಮಣ್ಣು ಮೆತ್ತಿ, ನೆಲದ ಬಹಳ ಆಳದಲ್ಲಿ ಬಂಡೆಯೊಳಗೆ ಸುರಂಗ ಮಾಡಿ ಇಡಬೇಕು. ಬಂಡೆಯಲ್ಲಿ ಬಿರುಕಿರಬಾರದು, ನೀರಿನ ಪಸೆಯಿರಬಾರದು. ನೀರು ತಾಗಿದರೆ ಇಂದಲ್ಲ ನಾಳೆ ಅದು ವಿಷವನ್ನು ಮೇಲಕ್ಕೆ ತರುತ್ತದೆ. ಅಂಥ ಬಂಡೆ ಎಲ್ಲೆಲ್ಲಿದೆ ಎಂದು ಹುಡುಕುವುದೇ ಅವರ ಕೆಲಸ.

"ಇಲ್ಲೇ ತಂದಿಡ್ತಾರೆ ಅಂತಲ್ಲ. ಇಡಬಹುದಾ ಅಂತ ನೋಡೋದು. ಇನ್ನೂ ಯೋಚನೆ ಅಷ್ಟೆ."

ನನ್ನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. "ನನ್ ಮಗು ಇಲ್ಲೇ ಅಲ್ವಾ ಮೇಡಂ ಬೆಳೆಯೋದು?" ಎಂದೆ. ತಾವು ಬದುಕಿರುವ ತನಕ ಯಾರಿಗೂ ಹೇಳಬೇಡ ಎಂದು ಮಾತ್ರ ಅವರು ಕೇಳಿಕೊಂಡರು. ಸುದ್ದಿ ಹಬ್ಬಿದರೆ ಈ ಊರಿನ ಜಮೀನನ್ನು ಯಾರೂ ಮೂಸುವುದಿಲ್ಲ, ಈ ಊರಿಗೆ ಹೆಣ್ಣು ಕೊಡುವುದಿಲ್ಲ, ಕೊನೆಗೆ ಏನೂ ಇಡದೇ ಹೋದರೂ ಹೆಸರು ಕೆಟ್ಟದ್ದು ಕೆಟ್ಟದ್ದೇ ಎಂದರು. ಮಾತು ಕೊಟ್ಟೆ. ಕೊಟ್ಟ ಮೇಲೆ ಸಿಟ್ಟು ಬಂತು. ಇವರಿಗೆ ನನ್ನ ಕಿವಿಯೇ ಬೇಕಿತ್ತೇ?

ನನ್ನ ಬಾಯಲ್ಲಿ ಎಳ್ಳುಕಾಳು ನಿಲ್ಲುವುದಿಲ್ಲ ಎಂದು ತವರಿನಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಅಂಥವಳು ಈ ಮಾತನ್ನು ನುಂಗಿಕೊಂಡು ಓಡಾಡಬೇಕಾಯಿತು. ಯಜಮಾನರು ಡ್ಯೂಟಿಯಿಂದ ಬಂದು ಪಕ್ಕದಲ್ಲಿ ಮಲಗಿದರೆ ಗಂಟಲಿಗೆ ಬಂದದ್ದನ್ನು ಒಳಗೆ ದಬ್ಬುತ್ತಿದ್ದೆ. ಮಾವ ಜಗಲಿಯಲ್ಲಿ ಕೂತು ಎಕರೆಗೆ ಎಷ್ಟಾಯಿತು ಎಂದು ಬ್ರೋಕರುಗಳೊಂದಿಗೆ ಮಾತಾಡುತ್ತಿದ್ದರೆ ಒಳಗಿನಿಂದ ಕೇಳಿಸಿಕೊಂಡು ಬೆವರುತ್ತಿದ್ದೆ. ಸೀಮಂತದ ದಿನ ಬಳೆ ತೊಡಿಸಿದವರೆಲ್ಲ ಈ ಮನೆ ತುಂಬಿ ಬೆಳೆಯಲಿ ಎಂದು ಹರಸಿದರು. ನನಗೆ ಎದ್ದು ತೂಬಗೆರೆಗೆ ಓಡಿಹೋಗೋಣ ಅನ್ನಿಸಿತು. ಏನೆಂದು ಹೇಳಿ ಹೋಗುವುದು? ಬಾಯಿಗೆ ಬೀಗ, ಬೀಗದ ಕೈ ಮಹಡಿಯ ಮೇಲೆ.

ಯಂತ್ರ ದಿನಾ ಕೊರೆಯುತ್ತಿತ್ತು. ಮೇಲೆ ಬಂದ ಲಟ್ಟಣಿಗೆಯಂಥ ದುಂಡು ಕಲ್ಲುಗಳನ್ನು ಮರದ ಪೆಟ್ಟಿಗೆಗಳಲ್ಲಿ ಸಾಲಾಗಿ ಜೋಡಿಸುತ್ತಿದ್ದರು. ತುಂಡಾಗಿ ಬಂದರೆ ಕೆಳಗೆ ಬಿರುಕಿದೆ ಎಂದರ್ಥ, ಉದ್ದುದ್ದಕ್ಕೆ ಇಡಿಯಾಗಿ ಬಂದರೆ ಬಂಡೆ ಗಟ್ಟಿ. ನಾನು ಬುತ್ತಿ ಕೊಡುವ ನೆಪದಲ್ಲಿ ಹೋಗಿ ಬಗ್ಗಿ ನೋಡುತ್ತಿದ್ದೆ. ಇಡಿಯಾಗಿಯೇ ಬರುತ್ತಿದ್ದವು. ಮೇಡಂ ಅವುಗಳನ್ನು ಕೈಯಲ್ಲಿ ಸವರಿ ನೋಡುವಾಗ ಮುಖ ಬೆಳಗುತ್ತಿತ್ತು. ನನ್ನನ್ನು ಕಂಡ ಕೂಡಲೇ ತಲೆ ತಗ್ಗಿಸುತ್ತಿದ್ದರು.

"ತುಂಡಾಗಿ ಬಂದ್ರೆ ಇಷ್ಟು ವರ್ಷದ ಕೆಲಸ ನೀರಲ್ಲಿ ಹೋಯ್ತು ಅಂತ. ಇಡಿಯಾಗಿ ಬಂದ್ರೆ ನಿನ್ ಮುಖ ನೋಡೋಕಾಗಲ್ಲ" ಎಂದರು ಒಮ್ಮೆ.

"ಬಿಟ್ಬಿಡಿ ಮೇಡಂ ಈ ಕೆಲ್ಸಾನ."

"ನಾನು ಬಿಟ್ರೆ ಅದು ಹೋಗ್ಬಿಡುತ್ತಾ? ಆಗ್ಲೇ ಇದೆ ಅದು. ಎಲ್ಲೋ ಒಂದ್ಕಡೆ ಇಡ್ಲೇಬೇಕು."

"ಎಲ್ಲಾದ್ರೂ ಇಡಿ. ಇಲ್ ಬೇಡ."

"ಎಲ್ಲಾ ಕಡೆನೂ ನಿನ್ನಂಥೋಳು ಒಬ್ಬಳು ಇರ್ತಾಳೆ ಕಣಮ್ಮ" ಎಂದರು. ನನಗೆ ಅವತ್ತು ಆ ಮಾತು ಕಿವಿಗೆ ಬಿದ್ದರೂ ಒಳಗೆ ಇಳಿಯಲಿಲ್ಲ. ನನ್ನದೇ ನನಗೆ ಸಾಕಾಗಿತ್ತು.

ಕೊರೆಯುವುದು ಮುಗಿಯಿತು. ಬಂಡೆ ಒಣ ಬಂಡೆ. ಅವರ ಆಫೀಸಿನವರು ಬಂದು ಕೈ ಕುಲುಕಿ ಹೋದರು. ಅತ್ತೆಯ ಸಿಟ್ಟು ನೆತ್ತಿಗೇರಿತು. "ಮದ್ವೆ ಮಕ್ಳು ಇಲ್ದಿರೋಳ ಕೈಗೆ ಕಾಯಿ ಕೊಟ್ನಲ್ಲ, ನನ್ನ ಬುದ್ಧಿಗಿಷ್ಟು" ಎಂದು ಅವರಿಗೆ ಕೇಳಿಸುವ ಹಾಗೇ ಅಂದರು. ಆ ಮಾತು ನನಗೆ ಚುಚ್ಚಿತು. ಮೇಡಂ ಮಾತ್ರ ಕೇಳದವರಂತೆ ಮೆಟ್ಟಿಲು ಹತ್ತಿದರು. ಮಹಡಿಗೆ ಮುದ್ದೆ ಹೋಗುವುದು ನಿಂತಿತು.

ಆದರೆ ಅತ್ತೆ ಕೈಚೆಲ್ಲುವ ಪೈಕಿಯಲ್ಲ. ಯಂತ್ರ ಇನ್ನೂ ಹೊಲದಲ್ಲಿದ್ದಾಗಲೇ ನೀರು ನೋಡುವವನನ್ನು ಕರೆಸಿದರು. ಅವನು ಅಂಗೈಯ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲವೆಲ್ಲ ನಡೆದ. ಹಾಸುಬಂಡೆಯ ನಟ್ಟನಡುವೆ ಹೋದಾಗ ಕಾಯಿ ಎದ್ದು ನಿಂತಿತು. ಅತ್ತೆ ಅಲ್ಲೇ ಸುಣ್ಣದ ಗುರುತು ಹಾಕಿಸಿದರು. ಪೆಟ್ಟಿಗೆ ಕಟ್ಟಿಸುತ್ತಿದ್ದ ಮೇಡಂ ಎದ್ದು ಬಂದರು.

"ಬಂಡೆ ಮೇಲೇನಾ? ಇದೆಲ್ಲಾ ಒಣಗಲ್ಲು ಅಂತ ಈಗ್ಲೇ ನೋಡಿದ್ರಲ್ಲ?"

"ನೀವು ಕೊರೆದಿದ್ದು ಅಲ್ಲಿ, ಕಾಯಿ ನಿಂತಿದ್ದು ಇಲ್ಲಿ. ಇಲ್ ಬರ್ಲಿಲ್ಲಾಂದ್ರೆ ಇನ್ನೊಂದ್ಕಡೆ ಹಾಕಿಸ್ತೀವಿ. ನಾವಲ್ದಿದ್ರೆ ನಮ್ ಮೊಮ್ಮಕ್ಳು ಹಾಕಿಸ್ತಾರೆ. ನೀರು ಬಿಟ್ಟು ಬದುಕಕ್ಕಾಯ್ತದಾ?"

ಮೇಡಂ ಸಂಜೆಯವರೆಗೂ ಆ ಸುಣ್ಣದ ಗುರುತಿನ ಪಕ್ಕದಲ್ಲೇ ಕೂತಿದ್ದರು. ಆಮೇಲೆ ನನ್ನ ಹತ್ತಿರ ಬಂದು, ನಿಮ್ಮತ್ತೆ ತಮಾಷೆಗೆ ಹೇಳಿದ್ದಾ ಎಂದು ಕೇಳಿದರು. ಅತ್ತೆ ತಮಾಷೆ ಮಾಡಿದ್ದನ್ನು ನಾನು ಈವರೆಗೂ ನೋಡಿಲ್ಲ ಎಂದೆ. ಅವರು ಗೋಡೆಗೊರಗಿ ನಗತೊಡಗಿದರು, ಕಣ್ಣಲ್ಲಿ ನೀರಿತ್ತು. ಬೋಳು ಬಂಡೆಯ ಮೇಲೆ ಯಾರೂ ಕೊರೆಯುವುದಿಲ್ಲ ಎಂಬುದರ ಮೇಲೆ ಅವರ ಲೆಕ್ಕವೆಲ್ಲ ನಿಂತಿತ್ತಂತೆ. ಸಾವಿರಾರು ವರ್ಷದ ನಂತರದ ಜನಕ್ಕೆ ಇಲ್ಲಿ ಅಗೆಯಬೇಡಿ ಎಂದು ಯಾವ ಗುರುತಿನಲ್ಲಿ ಹೇಳುವುದು ಎಂದು ಅವರ ಆಫೀಸಿನಲ್ಲಿ ದಿನಗಟ್ಟಲೆ ತಲೆ ಕೆಡಿಸಿಕೊಂಡಿದ್ದರಂತೆ. "ಯಾವ ಗುರುತು ಹಾಕಿದ್ರೂ ನಿಮ್ಮತ್ತೆ ಅದಕ್ಕೇ ಕುಂಕುಮ ಹಚ್ಚಿ ಕಾಯಿ ಒಡೀತಾರೆ. ನೀರಿಗೆ ಅಂತ ನೀವು ಸಾವಿರದೈನೂರು ಅಡಿ ಇಳೀತೀರಿ. ನಾವು ಇಡ್ಬೇಕು ಅಂತಿರೋದೂ ಅಷ್ಟೇ ಆಳದಲ್ಲಿ" ಎಂದರು.

ಮರುದಿನ ಹೊರಟರು. ಜೀಪು ಹತ್ತುವ ಮುಂಚೆ ಈ ಕಲ್ಲನ್ನು ನನ್ನ ಕೈಗಿಟ್ಟರು. ಅತ್ತೆ ಬಾಗಿಲಿಗೂ ಬರಲಿಲ್ಲ. ಬಂಡೆಯ ಮೇಲೆ ಆಮೇಲೆ ಬೋರ್ ಹಾಕಿಸಿದೆವು, ಬರೀ ಧೂಳು ಹಾರಿತು. ಅದನ್ನೂ ಅತ್ತೆ ಮೇಡಂ ಲೆಕ್ಕಕ್ಕೇ ಬರೆದರು.

ಮಗಳು ಹುಟ್ಟಿ ಮೂರು ತಿಂಗಳಾಗಿದ್ದಾಗ ಮೇಡಂ ಫೋನ್ ಮಾಡಿದರು. ಈ ಜಾಗ ಬೇಡವೇ ಬೇಡ ಎಂದು ಅವರು ಪಟ್ಟು ಹಿಡಿದಿದ್ದರಂತೆ, ಮೇಲಿನವರಿಗೆ ಅಸಮಾಧಾನವಾದರೂ ಕೊನೆಗೆ ಕೈಬಿಟ್ಟರಂತೆ. ದನಿಯಲ್ಲಿ ಖುಷಿಯಿರಲಿಲ್ಲ, ಬಹಳ ದಣಿದಿದ್ದರು. ಇನ್ನೊಂದು ಕಡೆ ಹುಡುಕಲು ಹೋಗುತ್ತಿದ್ದೇನೆ ಎಂದರು. ನಾನು ಮಗುವನ್ನು ಅವುಚಿಕೊಂಡು ಅತ್ತುಬಿಟ್ಟೆ. ಯಾವ ಕಡೆಗೆ ಎಂದು ಕೇಳಲಿಲ್ಲ...

ಹೋದ ವಾರ ಆ ಫೋನು ಬಂದ ಮೇಲೆ ಟೀ ಮಾಡಿಕೊಂಡು ಜಗಲಿಗೆ ಹೋದೆ. ಅತ್ತೆಗೆ ಈಗ ಎಂಬತ್ತರ ಹತ್ತಿರ. ಈ ಕಲ್ಲನ್ನು ಅವರು ಇಷ್ಟು ವರ್ಷದಲ್ಲಿ ಒಮ್ಮೆಯೂ ಮುಟ್ಟಿಲ್ಲ. ಕೊಟ್ಟ ಮಾತಿನ ವಾಯಿದೆ ಮುಗಿದಿತ್ತು. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಅವರು ಲೋಟ ಹಿಡಿದುಕೊಂಡೇ ಕೇಳಿದರು.

"ನೀರು ಬರಬಾರ್ದು ಅಂತ್ಲೇ ಕೇಳ್ಕೊಂಡಿದ್ಲಾ?"

"ಹೂಂ ಅತ್ತೆ."

"ಹಂಗಾದ್ರೆ ಅವಳ ಕೈಗುಣ ಚೆನ್ನಾಗೇ ಇತ್ತು ಬಿಡು."

ಟೀ ಕುಡಿದು ಮುಗಿಸಿದರು. ಹಾಸುಬಂಡೆಯ ಕಡೆ ಒಮ್ಮೆ ನೋಡಿದರು. ಆಮೇಲೆ ಲೋಟ ನನ್ನ ಕೈಗೆ ಕೊಡುತ್ತಾ ಕೇಳಿದರು.

"ಮತ್ತೆ ಅದನ್ನ ಯಾರ ಹೊಲ್ದಲ್ಲಿ ಇಟ್ರಂತೆ?"

ಗೊತ್ತಿಲ್ಲ ಅತ್ತೆ ಎಂದೆ. ಆ ಪ್ರಶ್ನೆ ಕೇಳಲು ನನಗೆ ಹದಿನೇಳು ವರ್ಷ ಸಮಯವಿತ್ತು. ಕೇಳಿದ್ದರೆ ಹೇಳುತ್ತಿದ್ದವರು ಈಗಿಲ್ಲ.